ಎರಡು ಕಂಪ್ಯೂಟರ್‌ಗಳ ನಡುವೆ ಕೇಬಲ್ ಮೂಲಕವೇ ದೊಡ್ಡ ಫೈಲ್‌ಗಳನ್ನು ವರ್ಗಾಯಿಸುವುದು ಹೇಗೆ?

ರೌಟರ್ ಇಲ್ಲದೆ, ನಡುವೆ ಪೆನ್‌ಡ್ರೈವ್ ಬಳಸದೆ, ನೂರಾರು ಗಿಗಾಬೈಟ್ ಫೈಲ್‌ಗಳನ್ನು ನೇರವಾಗಿ ಕಳುಹಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಹೌದು. ಅದಕ್ಕೆ ಸಾಮಾನ್ಯ ಈಥರ್ನೆಟ್ ಕೇಬಲ್ (ಕಂಪ್ಯೂಟರನ್ನು ನೆಟ್‌ವರ್ಕ್‌ಗೆ ಜೋಡಿಸುವ ತಂತಿ) ಒಂದೇ ಸಾಕು. ಹಿಂದೆ ಇದಕ್ಕೆ ಒಂದು ತುದಿಯಲ್ಲಿ ತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್‌ಓವರ್ ಕೇಬಲ್ ಬೇಕಾಗುತ್ತಿತ್ತು, ಆದರೆ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಗಿಗಾಬಿಟ್ ಪೋರ್ಟ್‌ಗಳು ತಂತಿಗಳ ಜೋಡಣೆಯನ್ನು ತಾವೇ ಗುರುತಿಸಿ ಹೊಂದಿಸಿಕೊಳ್ಳುತ್ತವೆ.

ಕೇಬಲ್ ಜೋಡಿಸಿದ ಮೇಲೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಒಂದು ಕಂಪ್ಯೂಟರ್‌ಗೆ 192.168.10.1, ಇನ್ನೊಂದಕ್ಕೆ 192.168.10.2 ಎಂಬ ಐಪಿ ವಿಳಾಸವನ್ನೂ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ), ಎರಡಕ್ಕೂ 255.255.255.0 ಎಂಬ ಸಬ್‌ನೆಟ್ ಮಾಸ್ಕನ್ನೂ (ಎರಡೂ ಒಂದೇ ನೆಟ್‌ವರ್ಕ್‌ನಲ್ಲಿವೆ ಎಂದು ತಿಳಿಸುವ ಸಂಖ್ಯೆ) ಕೊಟ್ಟು, ಹೊರಗಿನ ನೆಟ್‌ವರ್ಕ್‌ಗೆ ದಾರಿ ಸೂಚಿಸುವ ಗೇಟ್‌ವೇ ಜಾಗವನ್ನು ಖಾಲಿ ಬಿಡಿ. ನಂತರ ಒಂದರಲ್ಲಿ ಫೋಲ್ಡರನ್ನು ಹಂಚಿಕೆಗೆ ತೆರೆದು, ಇನ್ನೊಂದರಲ್ಲಿ ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಲ್ಲಿ ಎರಡು ಹಿಂಓರೆಗೆರೆಗಳನ್ನು (\\) ಹಾಕಿ, ಅವುಗಳ ನಂತರ ಫೋಲ್ಡರ್ ಹಂಚಿದ ಕಂಪ್ಯೂಟರ್‌ನ ಐಪಿ ವಿಳಾಸ ಬರೆದರೆ ಫೋಲ್ಡರ್ ಕಾಣಿಸುತ್ತದೆ. ಕಾಣಿಸದಿದ್ದರೆ ಫೈರ್‌ವಾಲ್ (ಹೊರಗಿನ ಸಂಪರ್ಕಗಳನ್ನು ತಡೆಯುವ ರಕ್ಷಣಾ ತಂತ್ರಾಂಶ) ತಡೆಯುತ್ತಿರುವ ಸಾಧ್ಯತೆಯೇ ಹೆಚ್ಚು. ಆಗ ಅದನ್ನು ಪೂರ್ತಿ ಆರಿಸುವ ಬದಲು ಆ ಸಂಪರ್ಕವನ್ನು ಖಾಸಗಿ ನೆಟ್‌ವರ್ಕ್ ಎಂದು ಗುರುತಿಸುವುದು ಸುರಕ್ಷಿತ.

ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ವೇಗ ಸಿಗುವುದರಿಂದ 500 ಗಿಗಾಬೈಟ್ ದತ್ತಾಂಶಕ್ಕೆ ಸುಮಾರು ಒಂದೂಕಾಲು ಗಂಟೆ ಹಿಡಿಯುತ್ತದೆ. ವೇಗ 11 ಮೆಗಾಬೈಟಿನ ಆಸುಪಾಸಿನಲ್ಲೇ ನಿಂತಿದ್ದರೆ ಮೊದಲು ಕೇಬಲನ್ನೇ ಬದಲಾಯಿಸಿ ನೋಡಿ, ಏಕೆಂದರೆ ಗಿಗಾಬಿಟ್‌ಗೆ ಒಳಗಿನ ನಾಲ್ಕೂ ಜೋಡಿ ತಂತಿಗಳು ಬೇಕು; ಒಂದು ಜೋಡಿ ಕೆಟ್ಟರೂ ಸಂಪರ್ಕ 100 ಮೆಗಾಬಿಟ್‌ಗೆ ಇಳಿಯಬಹುದು (ಎಂಟು ಬಿಟ್ ಸೇರಿದರೆ ಒಂದು ಬೈಟ್). ಲಕ್ಷಾಂತರ ಸಣ್ಣ ಫೈಲ್‌ಗಳಿದ್ದರೂ ವೇಗ ಕುಸಿಯುತ್ತದೆ. ಅವನ್ನು ಒಂದೇ ಜಿಪ್ ಫೈಲಾಗಿ ಕಟ್ಟಿ ಕಳುಹಿಸುವುದು ಮೇಲು.

ಎರಡೂ ತುದಿಯಲ್ಲಿ ಚಪ್ಪಟೆ ಪ್ಲಗ್ ಇರುವ ಸಾಧಾರಣ ಯುಎಸ್‌ಬಿ ಕೇಬಲನ್ನು ಮಾತ್ರ ದಯವಿಟ್ಟು ಜೋಡಿಸಬೇಡಿ: ಎರಡೂ ಕಡೆಯಿಂದ ವಿದ್ಯುತ್ ಹರಿದು ಪೋರ್ಟ್ ಹಾಳಾಗಬಹುದು.