ಸಲಾಡ್ ನೀರು ಬಿಡುವುದೇಕೆ?

ಪ್ರಶ್ನೆ: ನೆಂಟರು ಬಂದಾಗ ಫ್ರಿಜ್ಜಿನಲ್ಲಿದ್ದ ಲೆಟ್ಯೂಸ್ ಸೊಪ್ಪನ್ನು ತೊಳೆದು, ಬನವಾಸಿಯ ಅನಾನಸ್ ಹೋಳುಗಳನ್ನು ಬೆರೆಸಿ, ಕೊಬ್ಬರಿ ಎಣ್ಣೆ, ಲಿಂಬೆರಸ ಮತ್ತು ಉಪ್ಪಿನ ವಿನೆಗ್ರೆಟ್ ಸುರಿದಿಟ್ಟೆ. ಊಟಕ್ಕೆ ಕೂರುವಷ್ಟರಲ್ಲಿ ಸೊಪ್ಪು ಬಾಡಿ, ತಳದಲ್ಲಿ ನೀರು ನಿಂತು, ಎಣ್ಣೆ ಬಿಳಿಯಾಗಿ ಅಂಟಿಕೊಂಡಿತ್ತು. ನಾನು ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಶಿರಸಿ

ಉತ್ತರ: ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕುವ ರೂಢಿಯನ್ನು ನೀವು ಬಲ್ಲಿರಿ, ಸೌತೆಕಾಯಿಯಂತೆಯೇ ಸೊಪ್ಪು ಮತ್ತು ಹಣ್ಣುಗಳಿಂದಲೂ ಉಪ್ಪು ನೀರನ್ನು ಹೊರಗೆಳೆಯುತ್ತದೆ. ಆದ್ದರಿಂದ ವಿನೆಗ್ರೆಟ್ಟನ್ನು ಮೊದಲೇ ಮಾಡಿಟ್ಟುಕೊಂಡರೂ ಊಟಕ್ಕೆ ಬಾಳೆಎಲೆ ಹಾಕಿದ ಮೇಲೆಯೇ ಸೊಪ್ಪಿಗೆ ಬೆರೆಸಬೇಕು. ಎರಡನೆಯ ತಪ್ಪು, ನನ್ನ ಊಹೆಯಂತೆ, ಒದ್ದೆ ಸೊಪ್ಪು. ನೀರಿನ ಪಸೆಯಿರುವ ಎಲೆಗೆ ಎಣ್ಣೆ ಹತ್ತುವುದಿಲ್ಲ, ಜಾರಿ ತಳ ಸೇರುತ್ತದೆ. ತೊಳೆದ ಸೊಪ್ಪನ್ನು ಹಳೆಯ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಕಟ್ಟಿ ನಾಲ್ಕು ಬಾರಿ ಕೊಡವಿದರೆ ಸಾಕು. ಹಣ್ಣಿನ ಹೋಳುಗಳನ್ನೂ ಜರಡಿಯಲ್ಲಿಟ್ಟು ರಸ ಸೋಸಿಕೊಳ್ಳಿ. ಆ ರಸವನ್ನು ಚೆಲ್ಲಬೇಡಿ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ತಣ್ಣನೆಯ ಎಲೆಯ ಮೇಲೆ ಬಿಳಿಯಾಗುವುದು ಸಹಜ. ಶೇಂಗಾ ಎಣ್ಣೆಯೋ ಆಲಿವ್ ಎಣ್ಣೆಯೋ ಇಲ್ಲಿಗೆ ಒಪ್ಪುತ್ತದೆ.

ನಾಲ್ವರಿಗೆ ಸಾಕಾಗುವ 150 ಗ್ರಾಂ ಸೊಪ್ಪಿಗೆ ಹುಳಿ ಒಂದು ಪಾಲು, ಎಣ್ಣೆ ಮೂರು ಪಾಲು ಎಂಬುದು ಬಹುಕಾಲದ ಲೆಕ್ಕ. ಒಂದು ದೊಡ್ಡ ಚಮಚ ಲಿಂಬೆರಸದಲ್ಲಿ ಕಾಲು ಚಿಕ್ಕ ಚಮಚ ಉಪ್ಪನ್ನು ಮೊದಲೇ ಕರಗಿಸಿ, ಏಕೆಂದರೆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಅನಾನಸ್ ತಾನೇ ಹುಳಿಯಾಗಿದ್ದರೆ ಲಿಂಬೆಯ ಅರ್ಧಕ್ಕೆ ಬದಲಾಗಿ ಸೋಸಿದ ಅದರ ರಸವನ್ನು ಬಳಸಬಹುದು. ಬಳಿಕ ಅರ್ಧ ಚಿಕ್ಕ ಚಮಚದಷ್ಟು ನುಣ್ಣಗೆ ಅರೆದ ಸಾಸಿವೆಯನ್ನೂ ಅಷ್ಟೇ ಜೋನಿಬೆಲ್ಲವನ್ನೂ ಕದಡಿ, ಮೂರು ದೊಡ್ಡ ಚಮಚ ಎಣ್ಣೆಯನ್ನು ಎಳೆ ಎಳೆಯಾಗಿ ಬಿಡುತ್ತಾ ಕಡೆಯಿರಿ. ಸಾಸಿವೆ ಇಲ್ಲಿ ಬರೀ ಘಾಟಿಗಾಗಿ ಅಲ್ಲ: ಎಣ್ಣೆ ಹನಿಗಳು ಹುಳಿಯಿಂದ ಬೇಗ ಬೇರ್ಪಡದಂತೆ ಅದು ಹಿಡಿದಿಡುತ್ತದೆ. ಅನಾನಸಿನ ‘ಸಾಸಿವೆ’ ಎಂಬ ಮೇಲೋಗರ ಮಾಡಿ ಪಳಗಿದ ನಿಮ್ಮ ಕಡೆಯವರಿಗೆ ಈ ಜೋಡಿಯ ರುಚಿಯನ್ನು ನಾನು ವಿವರಿಸಬೇಕಾಗಿಲ್ಲ. ಮುಕ್ಕಾಲು ಭಾಗ ಸುರಿದು, ಕೈಯಿಂದ ಹಗುರಾಗಿ ಹೊರಳಿಸಿ, ಒಂದು ಎಲೆ ತಿಂದು ನೋಡಿದ ಮೇಲೆ ಉಳಿದದ್ದು ಬೇಕೇ ಎಂದು ತೀರ್ಮಾನಿಸಿ.

ಪ್ರಶ್ನೆ: ಲೆಟ್ಯೂಸ್ ಸಿಗದಿದ್ದಾಗ ಬಸಳೆ ಹಾಕಬಹುದೇ? ಲಿಂಬೆಯ ಬದಲು ಮುರುಗಲು (ಕೋಕಂ)?
– ಓದುಗರೊಬ್ಬರು, ಕಾರವಾರ

ಉತ್ತರ: ಬಸಳೆ ಹಸಿಯಾಗಿ ಲೋಳೆ ಬಿಡುತ್ತದೆ, ಬೇಡ. ಎಳೆಯ ಪಾಲಕ್ ಜೊತೆಗೆ ಒಂದು ಹಿಡಿ ಒಂದೆಲಗ ಚೆನ್ನ. ಅದರ ಒಗರು ಹಣ್ಣಿನ ಸಿಹಿಗೆ ಒಪ್ಪುತ್ತದೆ. ಒಣಗಿದ ಮುರುಗಲು ಸಿಪ್ಪೆಯನ್ನು ಎರಡು ದೊಡ್ಡ ಚಮಚ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿದ ರಸ ಲಿಂಬೆಯ ಜಾಗದಲ್ಲಿ ಧಾರಾಳವಾಗಿ ನಡೆಯುತ್ತದೆ, ಆದರೆ ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ಮೇಲೆ ಹೇಳಿದ ಉಪ್ಪನ್ನು ರುಚಿ ನೋಡಿಯೇ ಸೇರಿಸಿ.