ರಷ್ಯಾ ಕ್ರಾಂತಿಗೆ ಸಾಮಾಜಿಕ ಕಾರಣ ಮುಖ್ಯವಾ, ರಾಜಕೀಯ ಕಾರಣ ಮುಖ್ಯವಾ? ಎರಡನ್ನೂ ಬೇರೆ ಬೇರೆ ಪಟ್ಟಿ ಮಾಡೋದು ಹೇಗೆ?

ದಯವಿಟ್ಟು ಪಟ್ಟಿ ಮಾಡಬೇಡಿ. ಇದೇ ಪಟ್ಟಿ ನಂಬಿಕೊಂಡು ನಾನು ಎಂ.ಎ. ಇತಿಹಾಸದಲ್ಲಿ ಒಂದು ಪತ್ರಿಕೆ ಫೇಲಾದೆ.

ಉದ್ದ ನೋಟ್‌ಬುಕ್ಕಿನ ಹಾಳೆ, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಎಡಗಡೆ ನೀಲಿ ಪೆನ್ನಲ್ಲಿ ಸಾಮಾಜಿಕ: 1861ರಲ್ಲಿ ಜೀತ ಬಿಟ್ಟರೂ ಜಮೀನಿಗಾಗಿ 49 ವರ್ಷದ ಕಂತು ಹೊತ್ತ ರೈತರು, ಕಾರ್ಖಾನೆ ಕೂಲಿ, ಬ್ರೆಡ್ಡಿನ ಅಭಾವ. ಬಲಗಡೆ ಕೆಂಪು ಪೆನ್ನಲ್ಲಿ ರಾಜಕೀಯ: ತ್ಸಾರ್ (ಅಂದರೆ ಚಕ್ರವರ್ತಿ) ಎರಡನೇ ನಿಕೋಲಸ್‌ನ ನಿರಂಕುಶ ಆಳ್ವಿಕೆ, ಡೂಮಾ ಅನ್ನೋ ಸಂಸತ್ತಿನ ವಿಸರ್ಜನೆ, ಅರಮನೆಯಲ್ಲಿ ಪ್ರಭಾವ ಬೆಳೆಸಿಕೊಂಡ ಸಾಧು ರಾಸ್‌ಪುಟಿನ್. ಎಲ್ಲಾ ಬಾಯಿಪಾಠ.

ಪರೀಕ್ಷೆಯಲ್ಲಿ ಬಂದ ಪ್ರಶ್ನೆ: 1905ರಲ್ಲಿ ಉಳಿದುಕೊಂಡ ತ್ಸಾರ್ ಆಳ್ವಿಕೆ 1917ರಲ್ಲಿ ಯಾಕೆ ಬಿತ್ತು? ನಾನು ಎರಡೂ ಪಟ್ಟಿ ಹಾಗೇ ಇಳಿಸಿ ಬಂದೆ. ತಪ್ಪಾಗಿದ್ದು ಇಲ್ಲೇ. ಹಸಿವು, ಕೂಲಿ ಜಗಳ, ನಿರಂಕುಶ ಆಳ್ವಿಕೆ ಎಲ್ಲಾ 1905ರಲ್ಲೂ ಇತ್ತಲ್ವಾ? ಆ ಜಮೀನಿನ ಕಂತನ್ನಂತೂ 1907ಕ್ಕೇ ರದ್ದು ಮಾಡಿದ್ದರು, ನಾನು ಅದನ್ನೂ 1917ರ ನೇರ ಕಾರಣ ಅಂತ ಬರೆದಿದ್ದೆ. 1905ಕ್ಕೂ 1917ಕ್ಕೂ ನಡುವೆ ಏನು ಬದಲಾಯಿತು ಅನ್ನೋದು ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಅದು ಇದ್ದದ್ದು ಸೈನಿಕನಲ್ಲಿ. ಅವನನ್ನು ನೀಲಿಯಲ್ಲಿ ಬರೀಬೇಕಾ ಕೆಂಪಲ್ಲಿ ಬರೀಬೇಕಾ ಅಂತ ಗೊತ್ತಾಗದೆ ಸುಮ್ನೆ ಬಿಟ್ಟುಬಿಟ್ಟಿದ್ದೆ.

1905ರ ಜನವರಿಯಲ್ಲಿ ಕೆಲಸಗಾರರು ತ್ಸಾರನ ಪಟವನ್ನೇ ಹಿಡಿದುಕೊಂಡು, ಮನವಿ ಪತ್ರ ಕೊಡೋಕೆ ಚಳಿಗಾಲದ ಅರಮನೆ ಕಡೆ ಹೊರಟರು. ಸೈನ್ಯ ಗುಂಡು ಹಾರಿಸಿತು. ಆಮೇಲೆ ಅಲ್ಲಲ್ಲಿ ದಂಗೆ ಎದ್ದರೂ ಸೈನ್ಯದ ಬಹುಪಾಲು ತ್ಸಾರನ ಕಡೆಯೇ ನಿಂತಿತು. 1917ರಲ್ಲಿ ಫೆಬ್ರವರಿ 23ಕ್ಕೆ ರಾಜಧಾನಿ ಪೆಟ್ರೋಗ್ರಾಡಿನ ಬಟ್ಟೆ ಗಿರಣಿ ಹೆಂಗಸರು ಬ್ರೆಡ್ ಬೇಕು ಅಂತ ಬೀದಿಗೆ ಬಂದರು. 26ಕ್ಕೆ ವೋಲಿನ್ಸ್ಕಿ ರೆಜಿಮೆಂಟಿನವರು ಜನರ ಮೇಲೆ ಗುಂಡು ಹಾರಿಸಿದರು. ಮರುದಿನ ಬೆಳಗ್ಗೆ ಅದೇ ಸೈನಿಕರು ತಮ್ಮ ಅಧಿಕಾರಿಯನ್ನೇ ಕೊಂದು ಜನರ ಜೊತೆ ಸೇರಿಕೊಂಡರು. ಮಾರ್ಚ್ 2ಕ್ಕೆ ತ್ಸಾರ್ ಪಟ್ಟ ಬಿಟ್ಟ.

ಆ ಒಂದು ರಾತ್ರಿಯನ್ನು ಯಾವ ಪಟ್ಟಿಗೆ ಹಾಕ್ತೀರಿ ಹೇಳಿ. ಕೋಟು ಸೈನ್ಯದ್ದು, ಒಳಗಿರೋನು ರೈತ, ಅವನ ಹಳ್ಳಿಗೆ ಜಮೀನು ಸಾಲದು. ಯುದ್ಧ ಶುರುವಾಗಿ ಎರಡೂವರೆ ವರ್ಷ, ರಣರಂಗಕ್ಕೆ ಹೋಗೋಕೆ ಇಷ್ಟವಿಲ್ಲ. 1915ರಲ್ಲಿ ತ್ಸಾರ್ ತಾನೇ ಸೇನಾಪತಿಯಾಗಿ ಕೂತಿದ್ದರಿಂದ ಪ್ರತಿ ಸೋಲೂ ಅವನ ತಲೆಗೇ ಬರ್ತಿತ್ತು. ಬ್ರೆಡ್ಡಿನ ಕ್ಯೂನೂ ಅಷ್ಟೇ. ದೇಶದಲ್ಲಿ ಧಾನ್ಯ ಇತ್ತು, ರೈಲು ಯುದ್ಧದ ಸಾಗಾಟದಲ್ಲಿ ಸಿಕ್ಕಿಕೊಂಡು ಅದು ರಾಜಧಾನಿಗೆ ಸರಿಯಾಗಿ ತಲುಪ್ತಿರಲಿಲ್ಲ. ಇದು ಸಾಮಾಜಿಕವಾ, ರಾಜಕೀಯವಾ?

ಅದಕ್ಕೇ ಯಾವುದು ಮುಖ್ಯ ಅನ್ನೋ ಪ್ರಶ್ನೆಯನ್ನೇ ಬಿಡಿ. ಫೆಬ್ರವರಿ 27ರ ಬೆಳಗ್ಗೆಯಿಂದ ಹಿಂದಕ್ಕೆ ಹೋಗಿ. ಈ ಸೈನಿಕ ಯಾಕೆ ತಿರುಗಿಬಿದ್ದ ಅಂತ ಕೇಳ್ತಾ ಹೋದರೆ ಡೂಮಾ, ಜಮೀನು, ಯುದ್ಧ ಎಲ್ಲಾ ತಾವಾಗೇ ಬರುತ್ತವೆ. ಮೇಷ್ಟ್ರು ಶೀರ್ಷಿಕೆ ಬೇಕೇ ಬೇಕು ಅಂದರೆ ಬರೆದು ಮುಗಿಸಿದ ಮೇಲೆ ಹಾಕಿ. ಮರುಪರೀಕ್ಷೆಯಲ್ಲಿ ನಾನು ಹಾಗೇ ಬರೆದು ಪಾಸಾದೆ.

ಇನ್ನೊಂದು ವಿಷಯ, ಮೇಲಿನ ತಾರೀಖುಗಳೆಲ್ಲಾ ರಷ್ಯಾದ ಹಳೇ ಕ್ಯಾಲೆಂಡರಿನವು. 1917ರವಕ್ಕೆ 13 ದಿನ ಸೇರಿಸಿದರೆ ನಮ್ಮ ಲೆಕ್ಕ, ಅಂದರೆ ಫೆಬ್ರವರಿ 23 ನಮಗೆ ಮಾರ್ಚ್ 8. ಉತ್ತರದಲ್ಲಿ ಎರಡನ್ನೂ ಬೆರೆಸಬೇಡಿ.