ಸ್ಟೀವ್ ಇರ್ವಿನ್ ತೀರಿಕೊಂಡಾಗ ಜನ ಯಾಕೆ ಅಷ್ಟೊಂದು ಅತ್ತರು?

ಟಿವಿಯಲ್ಲಿ ಮೊಸಳೆ ಹಿಡಿಯುತ್ತಿದ್ದ ಒಬ್ಬ ಮನುಷ್ಯ ಸತ್ತಿದ್ದಕ್ಕೆ ಜಗತ್ತೆಲ್ಲ ಯಾಕೆ ಅತ್ತಿತು, ನಮ್ಮ ಕಡೆ ಯಾರಿಗಾದರೂ ಏನಾದರೂ ಅನ್ನಿಸಿತ್ತಾ ಅಂತ ಕೇಳಿದ್ದೀರಿ. ಅನ್ನಿಸಿತ್ತು. ನಾನೇ ಅತ್ತಿದ್ದೆ.

ಆಗ ನಾನು ಎಂಟನೇ ಕ್ಲಾಸು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮೂರು. 2006ರ ಸೆಪ್ಟೆಂಬರ್ 4, ಸೋಮವಾರ. ಗಣೇಶನ ಹಬ್ಬ ಕಳೆದು ವಾರ ಆಗಿತ್ತು, ಮಳೆ ಇನ್ನೂ ಬಿಟ್ಟಿರಲಿಲ್ಲ. ಶಾಲೆಯಿಂದ ಬಂದು ಒದ್ದೆ ಕಾಲಲ್ಲೇ ದೊಡ್ಡಪ್ಪನ ಮನೆ ಟಿವಿ ಮುಂದೆ ನಿಂತೆ. ವಾರ್ತೆಯಲ್ಲಿ ಅದೇ ಖಾಕಿ ಅಂಗಿ, ಅದೇ ಖಾಕಿ ಚಡ್ಡಿ. ಆಸ್ಟ್ರೇಲಿಯಾದ ಬ್ಯಾಟ್ ರೀಫ್ ಅನ್ನುವ ಹವಳದ ದಿಬ್ಬದ ಹತ್ತಿರ ಕಡಿಮೆ ಆಳದ ನೀರಲ್ಲಿ ಶೂಟಿಂಗ್ ಮಾಡುವಾಗ ತೊರಕೆ ಮೀನಿನ ಬಾಲದ ಮುಳ್ಳು ಎದೆಗೆ ಚುಚ್ಚಿತ್ತು. ವಯಸ್ಸು 44 ಅಷ್ಟೇ.

ಅವನ ಕಾರ್ಯಕ್ರಮ ಬರುತ್ತಿದ್ದ ಅನಿಮಲ್ ಪ್ಲಾನೆಟ್ ಚಾನೆಲ್‌ನ ಇಂಗ್ಲಿಷ್ ನಮಗೆ ಅರ್ಧವೂ ಅರ್ಥವಾಗುತ್ತಿರಲಿಲ್ಲ. ಆದರೆ ಹಾವಿನ ಬಾಲ ಹಿಡಿದುಕೊಂಡಾಗ ಅವನ ಮುಖ ಅರಳುತ್ತಿತ್ತಲ್ಲ, ಅದಕ್ಕೆ ಭಾಷೆ ಬೇಕಿರಲಿಲ್ಲ. ಹುಲಿ, ಆನೆ, ಜಿಂಕೆ ಚೆಂದ ಅಂತ ಯಾರು ಬೇಕಾದರೂ ಹೇಳುತ್ತಾರೆ. ಮೊಸಳೆ ಚೆಂದ, ಹಾವು ಚೆಂದ ಅಂತ ಮನಸಾರೆ ಹೇಳಿದವನು ಅವನು. ಜನ ಅತ್ತಿದ್ದು ಅದಕ್ಕೇ ಅಂತ ನನಗನ್ನಿಸುತ್ತದೆ. ಪ್ರಾಣಿಗಳನ್ನು ಕೆಣಕುತ್ತಾನೆ ಅಂತ ಬೈದವರೂ ಇದ್ದರು. 2004ರಲ್ಲಿ ತನ್ನ ಹಸುಗೂಸನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮೊಸಳೆಗೆ ಮಾಂಸ ಕೊಟ್ಟಾಗ ದೊಡ್ಡ ಗಲಾಟೆ ಆಗಿತ್ತು. ಅದು ಸರಿಯಲ್ಲ ಅಂತ ನನಗೂ ಅನ್ನಿಸಿತ್ತು. ಆದರೂ ಅವನ ಮೇಲಿನ ಪ್ರೀತಿ ಕಡಿಮೆ ಆಗಲಿಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಬೀರ್ವಾದಲ್ಲಿರುವ ಅವರ ಮನೆತನದ ಮೃಗಾಲಯದ ಗೇಟಿನ ಮುಂದೆ ಹೂವಿನ ರಾಶಿ ಬಿತ್ತು. ಜನ ಖಾಕಿ ಅಂಗಿ ತಂದು, ಅದರ ಮೇಲೆ ನಾಲ್ಕು ಮಾತು ಬರೆದು ಬಿಟ್ಟುಹೋದರು. ಸರ್ಕಾರಿ ಗೌರವದ ಅಂತ್ಯಸಂಸ್ಕಾರ ಮನೆಯವರೇ ಬೇಡ ಅಂದರು. ಸೆಪ್ಟೆಂಬರ್ 20ರಂದು ಸುಮಾರು 5,000 ಜನರ ಮುಂದೆ ಎಂಟು ವರ್ಷದ ಮಗಳು ಬಿಂಡಿ ತಾನೇ ಬರೆದದ್ದನ್ನು ಓದಿದಳು. ಕೊನೆಗೆ ಅವನ ಗಾಡಿ ಹೊರಟುಹೋದ ಮೇಲೆ ಕೆಲಸದವರು ಹಳದಿ ಹೂಗಳಲ್ಲಿ 'ಕ್ರೈಕಿ' ಅಂತ ಬರೆದರು. ನಾವು 'ಅಬ್ಬಾ' ಅನ್ನುವ ಹಾಗೆ, ಅವನ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಅದು. ನಾವು ಶಾಲೆಯ ಹಿಂದಿನ ಗದ್ದೆಯಲ್ಲಿ ಏಡಿ ಹಿಡಿಯುವಾಗಲೂ ಅದನ್ನೇ ಕೂಗುತ್ತಿದ್ದೆವು.

ಆದರೆ ನೀವು ಕೇಳಿದ್ದಕ್ಕೆ ನಾನು ಉತ್ತರ ಬರೆಯಲು ಕೂತಿದ್ದು ಇನ್ನೊಂದು ಸುದ್ದಿಗಾಗಿ. ಅವನು ಸತ್ತು ಒಂದು ವಾರದಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಕಡಲತೀರಗಳಲ್ಲಿ ಕನಿಷ್ಠ ಹತ್ತು ತೊರಕೆ ಮೀನು ಸತ್ತು ಬಿದ್ದಿದ್ದವು. ಕೆಲವುಗಳ ಬಾಲ ಕತ್ತರಿಸಿದ್ದರು. ಸೇಡು ತೀರಿಸಿಕೊಂಡಿರಬೇಕು ಅಂತ ಎಲ್ಲರೂ ಮಾತಾಡಿಕೊಂಡರು. ಹೀಗೆ ಮಾಡಬೇಡಿ, ಅವನಿಗೆ ಇದು ಬೇಕಿರಲಿಲ್ಲ ಅಂತ ಅವನ ಸಂಸ್ಥೆಯವರೇ ಹೇಳಬೇಕಾಯಿತು.

ಈ ಸುದ್ದಿಯನ್ನು ನಾನು ಅಪ್ಪಯ್ಯನಿಗೆ ಹೇಳಿದೆ. ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈ ನಿಂತಿತು.

"ಆ ಮೀನು ಎಂತ ಮಾಡಿತ್ತಾ? ಅದರ ಪಾಡಿಗೆ ಅದು ಹೋಗ್ತಿತ್ತಲ್ಲ."

ನಾನು ಏನೂ ಹೇಳಲಿಲ್ಲ. ಅದರ ಹಿಂದಿನ ವರ್ಷ ನಮ್ಮ ಪೈಕಿಯ ಒಬ್ಬ ಚಿಕ್ಕಮ್ಮ ಕೊಟ್ಟಿಗೆಗೆ ದರಗು ಗುಡಿಸುವಾಗ ಕೊಳಕುಮಂಡಲ ಕಚ್ಚಿ ತೀರಿಹೋಗಿದ್ದರು. ಆ ತಿಂಗಳು ಊರಿನವರು ಕಂಡ ಹಾವನ್ನೆಲ್ಲ ಬಡಿದರು. ಸತ್ತವುಗಳಲ್ಲಿ ಜಾಸ್ತಿ ಕೇರೆ ಹಾವು, ವಿಷವೇ ಇಲ್ಲದವು. ಎರಡನ್ನು ಅಪ್ಪಯ್ಯನೇ ಹೊಡೆದಿದ್ದರು. ನಾಗರಹಾವಿಗೆ ಕೈಮುಗಿದು, ಕಾಳಿಂಗ ಕಂಡರೆ ದಾರಿ ಬಿಟ್ಟು ನಿಲ್ಲುವ ಊರು ನಮ್ಮದು. ಕಾಳಿಂಗದ ಬಗ್ಗೆ ತಿಳಿಯಲೆಂದೇ ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಪಕ್ಕದ ಆಗುಂಬೆಗೆ ಬಂದು ಮಳೆಕಾಡಿನ ಕೇಂದ್ರ ಶುರು ಮಾಡಿದ್ದರು. ಆದರೆ ಕೇರೆ ಹಾವಿಗೆ ದೇವರ ರಕ್ಷಣೆಯೂ ಇಲ್ಲ, ಹೆಸರೂ ಇಲ್ಲ. ಕಂಡರೆ ಬಡಿ, ಅಷ್ಟೇ. ಅಪ್ಪಯ್ಯ ಎಲೆಯನ್ನು ಮಡಚಿ ಬಾಯಿಗೆ ಹಾಕಿಕೊಳ್ಳದೆ ತಟ್ಟೆಯಲ್ಲೇ ಇಟ್ಟರು. ನಮ್ಮ ಹಾವುಗಳ ಮಾತು ಇಬ್ಬರೂ ಎತ್ತಲಿಲ್ಲ.

ಅಡಿಕೆ ಕೊಯ್ಲು ಶುರುವಾದಾಗ ಹಾಳೆ ರಾಶಿಯಿಂದ ಒಂದು ಕೇರೆ ಹೊರಬಂತು. ಆಳೆತ್ತರಕ್ಕಿಂತ ಉದ್ದ. ಕೆಲಸಕ್ಕೆ ಬಂದವರೊಬ್ಬರು ಆಗಲೇ ದೊಣ್ಣೆ ಎತ್ತಿದ್ದರು.

"ಬಿಡಾ ಮಾರಾಯ, ಹೋಗ್ಲಿ," ಅಂದರು ಅಪ್ಪಯ್ಯ. "ಇಲಿ ತಿನ್ಕಂಡು ಇರ್ತದೆ."

ಹಾವಿಗೆ ಏನೂ ಅವಸರ ಇರಲಿಲ್ಲ. ಅಂಗಳ ದಾಟಿ, ಕಲ್ಲಿನ ಕಟ್ಟೆಯ ಸಂದಿಯಲ್ಲಿ ತಲೆ ತೂರಿಸಿ, ನಿಧಾನಕ್ಕೆ ಒಳಗೆ ಹೋಯಿತು. ಬಾಲದ ತುದಿ ಮರೆಯಾಗುವವರೆಗೂ ಅಪ್ಪಯ್ಯ ನನ್ನ ಭುಜ ಹಿಡಿದುಕೊಂಡು ನಿಂತಿದ್ದರು.